ಗೋಡೆಯ ಪಾಚಿಯಿಂದ ಆಕಾಶಕ್ಕೆ



ಮಳೆಗಾಲದಲ್ಲಿ ಗೋಡೆಯ ಮೇಲೆ ಹಸಿರು ಪಾಚಿ ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಹೊನ್ನಾಳಿಯಲ್ಲಿ ಹೊಳೆದಂಡೆಯ ಮೆಟ್ಟಿಲ ಮೇಲೆ ಪಾಚಿ. ಚನ್ನಗಿರಿಯಲ್ಲಿ ಅಡಿಕೆ ತೋಟದ ಕಲ್ಲಿನ ಮೇಲೆ ಪಾಚಿ. ನ್ಯಾಮತಿಯಲ್ಲಿ ಹಳೇ ಹೆಂಚಿನ ಮೇಲೆ ಪಾಚಿ. ಜಗಳೂರಿನ ಕಡೆ ಮಳೆ ಕಡಿಮೆ. ಅಲ್ಲಿಯೂ ನೀರಿನ ತೊಟ್ಟಿಯ ಪಕ್ಕದಲ್ಲಿ ಪಾಚಿ ಬೆಳೆಯುತ್ತದೆ. ಕಾಲಿಟ್ಟರೆ ಜಾರುತ್ತದೆ ಅಂತ ನಾವು ಅದನ್ನು ಕೆರೆದು ಹಾಕುತ್ತೇವೆ.

ಮೆತ್ತನೆಯ ಹುಲ್ಲಿನ ಹಾಗೆ ಬೆಳೆಯುವ ಇಂಥ ಪಾಚಿಯಲ್ಲಿ ಒಂದು ಪುಟ್ಟ ಜೀವಿ ವಾಸ ಮಾಡುತ್ತದೆ. ಅದರ ಹೆಸರು ನೀರುಕರಡಿ. ಬೆಂಗಳೂರಿನ ನೀರುಕರಡಿ 2025ರಲ್ಲಿ ರಾಕೆಟ್ ಹತ್ತಿ ಆಕಾಶಕ್ಕೆ ಹೋಯಿತು!

ಇದು ಕಟ್ಟುಕಥೆಯಲ್ಲ. ಯಾಕೆ ಕಳಿಸಿದರು? ನಮಗೇನು ಉಪಯೋಗ? ತಿಳಿಯೋಣ ಬನ್ನಿ.

ನೀರುಕರಡಿ ಎಂದರೆ ಏನು?

ಹೆಸರು ಕರಡಿ. ಆದರೆ ಉದ್ದ ಅರ್ಧ ಮಿಲಿಮೀಟರ್‌ನಷ್ಟು ಮಾತ್ರ. ಒಂದು ಸಾಸಿವೆ ಕಾಳಿನ ಪಕ್ಕದಲ್ಲಿ ಮೂರು ನೀರುಕರಡಿಗಳನ್ನು ಸಾಲಾಗಿ ನಿಲ್ಲಿಸಬಹುದು. ಅದನ್ನು ಸರಿಯಾಗಿ ನೋಡಬೇಕಾದರೆ ಸೂಕ್ಷ್ಮದರ್ಶಕ ಬೇಕು. ಅಂದರೆ ಸಣ್ಣದನ್ನು ದೊಡ್ಡದಾಗಿ ತೋರಿಸುವ ಯಂತ್ರ.

ಅದಕ್ಕೆ ಎಂಟು ಕಾಲು. ಕಾಲಿನ ತುದಿಯಲ್ಲಿ ಉಗುರು. ಮೈ ದುಂಡಗೆ. ನಡಿಗೆ ಕರಡಿಯ ಹಾಗೆ ನಿಧಾನ. ಅದಕ್ಕೇ ಆ ಹೆಸರು ಬಂತು. 1773ರಲ್ಲಿ ಜರ್ಮನಿಯ ಒಬ್ಬ ಪಾದ್ರಿ ಅದನ್ನು ಕಂಡು ಈ ಹೆಸರಿಟ್ಟರು.

ಈ ಜೀವಿಗೆ ಒಂದು ವಿಶೇಷ ಶಕ್ತಿ ಇದೆ. ಜಗಳೂರಿನ ಅಕ್ಕಂದಿರಿಗೆ ಇದು ಬೇಗ ಅರ್ಥವಾಗುತ್ತದೆ. ಬೇಸಿಗೆಯಲ್ಲಿ ಗರಿಕೆ ಹುಲ್ಲು ಪೂರಾ ಒಣಗುತ್ತದೆ. ಸತ್ತೇ ಹೋಯಿತು ಅಂದುಕೊಳ್ಳುತ್ತೇವೆ. ಒಂದು ಹದ ಮಳೆ ಬಿದ್ದರೆ ಸಾಕು, ಮತ್ತೆ ಚಿಗುರುತ್ತದೆ ಅಲ್ಲವೇ? ನೀರುಕರಡಿಯೂ ಹಾಗೆಯೇ. ಪಾಚಿ ಒಣಗಿದಾಗ ಅದು ಕಾಲುಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಮುದುಡಿ ಸಣ್ಣ ಗುಂಡಾಗುತ್ತದೆ. ಊಟ ಇಲ್ಲ, ನೀರಿಲ್ಲ, ಅಲುಗಾಟವೂ ಇಲ್ಲ. ಹೀಗೆಯೇ ವರ್ಷಗಟ್ಟಲೆ ಇರಬಲ್ಲದು. ನೀರು ಸಿಕ್ಕಿದರೆ ಮತ್ತೆ ಎದ್ದು ನಡೆಯುತ್ತದೆ. ಜಪಾನಿನ ವಿಜ್ಞಾನಿಗಳು 30 ವರ್ಷ ಹಿಮದಂತೆ ತಣ್ಣಗೆ ಇಟ್ಟಿದ್ದ ಪಾಚಿಯನ್ನು ತೆಗೆದು ನೋಡಿದರು. ಅದರಲ್ಲಿದ್ದ ನೀರುಕರಡಿ ಎದ್ದು ಓಡಾಡಿತು. ಮೊಟ್ಟೆಯನ್ನೂ ಇಟ್ಟಿತು!

ಬೆಂಗಳೂರಿನ ಗೋಡೆಯಲ್ಲಿ ಸಿಕ್ಕಿತು

ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಜನ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೂ ಕರೆಯುತ್ತಾರೆ. ಅಲ್ಲಿ ಸಂದೀಪ್ ಈಶ್ವರಪ್ಪ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಕಾಂಕ್ರೀಟ್ ಗೋಡೆಯ ಪಾಚಿಯನ್ನು ತೆಗೆದು ಪರೀಕ್ಷೆ ಮಾಡಿದರು. ಅದರಲ್ಲಿ ಒಂದು ಬಗೆಯ ನೀರುಕರಡಿ ಸಿಕ್ಕಿತು.

ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣದ ಕಿರಣಗಳೂ ಇವೆ. ಒಂದು ಬಗೆಯ ಕಿರಣಕ್ಕೆ ನೇರಳಾತೀತ ಕಿರಣ ಎಂದು ಹೆಸರು. ಅದು ಹೆಚ್ಚಾದರೆ ಜೀವಿಗಳನ್ನು ಕೊಲ್ಲುತ್ತದೆ. ವಿಜ್ಞಾನಿಗಳು ದೀಪದಿಂದ ಆ ಕಿರಣವನ್ನು ಜೋರಾಗಿ ಬಿಟ್ಟರು. ಐದು ನಿಮಿಷದಲ್ಲಿ ಬೇರೆ ಸಣ್ಣ ಹುಳುಗಳು ಸತ್ತವು. ಈ ನೀರುಕರಡಿ ಹದಿನೈದು ನಿಮಿಷವಾದರೂ ಸಾಯಲಿಲ್ಲ. ಅದರ ಮೈಯಲ್ಲಿ ಆ ಕಿರಣವನ್ನು ಹೀರಿ, ನೀಲಿ ಬೆಳಕಾಗಿ ಹೊರಗೆ ಬಿಡುವ ಒಂದು ವಸ್ತು ಇತ್ತು. ಅದೇ ಅದಕ್ಕೆ ಕೊಡೆ ಇದ್ದ ಹಾಗೆ. ಈ ಸಂಗತಿ 2020ರಲ್ಲಿ ಪ್ರಕಟವಾಯಿತು.

ಆಕಾಶದ ಮನೆಗೆ ಪ್ರಯಾಣ

ನೆಲದಿಂದ ಸುಮಾರು 400 ಕಿಲೋಮೀಟರ್ ಮೇಲೆ ಒಂದು ದೊಡ್ಡ ಮನೆ ಸುತ್ತುತ್ತಿದೆ. ಅದಕ್ಕೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಎಂದು ಹೆಸರು. ಹಲವು ದೇಶಗಳು ಸೇರಿ ಕಟ್ಟಿದ ಮನೆ ಅದು. ಒಂದೂವರೆ ಗಂಟೆಗೆ ಒಂದು ಸಲ ಭೂಮಿಯನ್ನು ಸುತ್ತುತ್ತದೆ.

2025ರ ಜೂನ್ 25ರಂದು ನಮ್ಮ ವಾಯುಪಡೆಯ ಶುಭಾಂಶು ಶುಕ್ಲಾ ಅಮೆರಿಕದಿಂದ ಹೊರಟು ಆ ಮನೆಗೆ ಹೋದರು. 1984ರಲ್ಲಿ ರಾಕೇಶ್ ಶರ್ಮಾ ಆಕಾಶಕ್ಕೆ ಹೋಗಿದ್ದರು. ಅವರ ನಂತರ ಹೋದ ಎರಡನೇ ಭಾರತೀಯ ಇವರು. ಜುಲೈ 15ರಂದು ಕ್ಷೇಮವಾಗಿ ಮರಳಿದರು.

ಶುಕ್ಲಾ ಅವರು ಅಲ್ಲಿ ಮಾಡಲಿ ಎಂದು ನಮ್ಮ ಇಸ್ರೋ ಏಳು ಪ್ರಯೋಗಗಳನ್ನು ಗೊತ್ತು ಮಾಡಿತ್ತು. ಅದರಲ್ಲಿ ಬೆಂಗಳೂರಿನ ನೀರುಕರಡಿಯದೂ ಒಂದು. ಮಲಗಿದ ನೀರುಕರಡಿ ಅಲ್ಲಿ ಏಳುತ್ತದೆಯೇ? ಎಷ್ಟು ಮೊಟ್ಟೆ ಇಡುತ್ತದೆ? ಎಷ್ಟು ಮರಿ ಆಗುತ್ತವೆ? ಇದನ್ನು ತಿಳಿಯುವುದೇ ಆ ಪ್ರಯೋಗ. ಧಾರವಾಡದ ವಿಜ್ಞಾನಿಗಳ ಪ್ರಯೋಗವೂ ಅದರಲ್ಲಿತ್ತು. ಅವರು ಕಳಿಸಿದ್ದು ಏನು ಗೊತ್ತೇ? ನಮ್ಮ ಅಡುಗೆಮನೆಯ ಹೆಸರುಕಾಳು ಮತ್ತು ಮೆಂತ್ಯ! ಅವನ್ನು ಅಲ್ಲಿ ಮೊಳಕೆ ಕಟ್ಟಿಸಿದರು.

ಅಲ್ಲಿ ದೇಹಕ್ಕೆ ಏನಾಗುತ್ತದೆ?

ಜಾತ್ರೆಯಲ್ಲಿ ದೊಡ್ಡ ತೊಟ್ಟಿಲು ಹತ್ತಿದ್ದೀರಾ? ಅದು ಮೇಲಿನಿಂದ ಜೋರಾಗಿ ಇಳಿಯುವಾಗ ಮೈ ಹಗುರಾಗುತ್ತದೆ. ಹೊಟ್ಟೆಯಲ್ಲಿ ಜುಮ್ ಅನ್ನುತ್ತದೆ. ಆಕಾಶದ ಮನೆಯೂ ಭೂಮಿಯ ಕಡೆಗೆ ಬೀಳುತ್ತಲೇ ಇರುತ್ತದೆ. ಆದರೆ ಬಹಳ ವೇಗವಾಗಿ ಪಕ್ಕಕ್ಕೆ ಓಡುವುದರಿಂದ ನೆಲ ಮುಟ್ಟದೆ ಸುತ್ತುತ್ತಾ ಇರುತ್ತದೆ. ಅದಕ್ಕೇ ಅಲ್ಲಿರುವವರಿಗೆ ಹಗಲೂ ರಾತ್ರಿ ಭಾರವೇ ಗೊತ್ತಾಗುವುದಿಲ್ಲ. ಅವರು ತೇಲುತ್ತಾರೆ.

ಕೇಳಲು ಚೆನ್ನಾಗಿದೆ. ಆದರೆ ದೇಹಕ್ಕೆ ಅದು ಒಳ್ಳೆಯದಲ್ಲ. ಭಾರ ಹೊರದ ಮೂಳೆ ಸವೆಯುತ್ತದೆ. ಮಾಂಸಖಂಡ ಸೊರಗುತ್ತದೆ. ಮೂಳೆಯ ಸುಣ್ಣದ ಅಂಶ ರಕ್ತಕ್ಕೆ ಬಂದು, ಮೂತ್ರಪಿಂಡದಲ್ಲಿ ಕಲ್ಲು ಆಗುವ ಭಯವೂ ಇದೆ.

ಮೂಳೆ ಸವೆಯುವುದು ನಮಗೆ ಹೊಸ ಮಾತಲ್ಲ. ಮುಟ್ಟು ನಿಂತ ಮೇಲೆ ಎಷ್ಟೋ ಹೆಂಗಸರಿಗೆ ಮೂಳೆ ಸವೆಯುತ್ತದೆ. ಸ್ವಲ್ಪ ಜಾರಿ ಬಿದ್ದರೂ ಸೊಂಟ, ಮುಂಗೈ ಮುರಿಯುತ್ತದೆ. ವರ್ಷಗಟ್ಟಲೆ ನಡೆಯುವ ಈ ಸವೆತ ಆಕಾಶದಲ್ಲಿ ಕೆಲವೇ ತಿಂಗಳಲ್ಲಿ ಕಾಣುತ್ತದೆ. ಹಾಗಾಗಿ ಅಲ್ಲಿ ಕಲಿತದ್ದು ಇಲ್ಲಿನ ಮದ್ದು ಹುಡುಕಲು ನೆರವಾಗಬಹುದು.

ಸಣ್ಣ ಜೀವಿಗಳೇ ಯಾಕೆ?

ಕಳಿತ ಬಾಳೆಹಣ್ಣಿನ ಸುತ್ತ ಸಣ್ಣ ನೊಣ ಹಾರುತ್ತವೆ. ಅದೇ ಹಣ್ಣಿನ ನೊಣ. ಆಕಾಶಕ್ಕೆ ಹೋದ ಮೊದಲ ಪ್ರಾಣಿ ಅದೇ! 1947ರ ಫೆಬ್ರವರಿ 20ರಂದು ಅಮೆರಿಕದವರು ಅವನ್ನು ರಾಕೆಟ್‌ನಲ್ಲಿ ಕಳಿಸಿದರು. ಅವು ಜೀವಂತವಾಗಿ ಮರಳಿದವು.

ನೊಣಕ್ಕೆ ಜಾಗ ಸ್ವಲ್ಪ ಸಾಕು. ಆಹಾರ ಸ್ವಲ್ಪ ಸಾಕು. ಸುಮಾರು ಹತ್ತು ದಿನದಲ್ಲಿ ಮೊಟ್ಟೆ ಬೆಳೆದು ನೊಣವಾಗುತ್ತದೆ. ಹಾಗಾಗಿ ಒಂದೆರಡು ತಿಂಗಳಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಮೂರು ತಲೆಮಾರನ್ನೂ ನೋಡಬಹುದು. ಅದರ ದೇಹದ ಎಷ್ಟೋ ಕೆಲಸಗಳು ನಮ್ಮ ದೇಹದ ಹಾಗೆಯೇ ನಡೆಯುತ್ತವೆ. ನಮ್ಮ ದೇಶದ ಗಗನಯಾನ ಯೋಜನೆಗೂ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಹಣ್ಣಿನ ನೊಣದ ಪ್ರಯೋಗ ರೂಪಿಸಿದ್ದಾರೆ. ಮೂತ್ರಪಿಂಡದ ಕಲ್ಲಿನ ಬಗ್ಗೆ ತಿಳಿಯುವುದೇ ಅದರ ಗುರಿ.

ನೀರುಕರಡಿಯಿಂದ ಕಲಿಯುವುದು ಬೇರೆ ಪಾಠ. ಒಣಗಿದರೂ, ಕಿರಣ ತಾಗಿದರೂ ಅದು ಹೇಗೆ ಬದುಕುತ್ತದೆ? ಆ ಗುಟ್ಟು ತಿಳಿದರೆ ಲಸಿಕೆಗಳನ್ನು ಐಸ್ ಇಲ್ಲದೆ ಒಣಗಿಸಿ ಕಾಪಾಡುವ ದಾರಿ ಸಿಗಬಹುದು. ಕರೆಂಟು ಹೋದ ಹಳ್ಳಿಯಲ್ಲೂ ಮಕ್ಕಳ ಲಸಿಕೆ ಕೆಡದೆ ಇದ್ದರೆ ಎಷ್ಟು ಒಳ್ಳೆಯದು!

ಲೈಕಾಳನ್ನು ಮರೆಯಬಾರದು

ಈ ಕಥೆಯಲ್ಲಿ ನೋವೂ ಇದೆ. 1957ರ ನವೆಂಬರ್ 3ರಂದು ರಷ್ಯಾದವರು ಲೈಕಾ ಎಂಬ ಹೆಣ್ಣು ನಾಯಿಯನ್ನು ಆಕಾಶಕ್ಕೆ ಕಳಿಸಿದರು. ಅದು ಬೀದಿಯಲ್ಲಿ ಬೆಳೆದ ನಾಯಿ. ಅದನ್ನು ವಾಪಸ್ ತರುವ ಏರ್ಪಾಡೇ ಇರಲಿಲ್ಲ. ಕೆಲವೇ ಗಂಟೆಗಳಲ್ಲಿ ಶಾಖ ತಾಳದೆ ಲೈಕಾ ಸತ್ತಿತು. ಆ ಕೆಲಸ ಮಾಡಿದ ವಿಜ್ಞಾನಿಗಳಲ್ಲೇ ಒಬ್ಬರು ಮುಂದೆ ಅದಕ್ಕಾಗಿ ಮರುಗಿದರು.

ಮನುಷ್ಯರು ಆಕಾಶಕ್ಕೆ ಹೋಗಲು ದಾರಿ ಮಾಡಿಕೊಟ್ಟದ್ದು ಇಂಥ ಮೂಕಜೀವಿಗಳು. ಕಲಿಯುವ ಆಸೆ ಒಳ್ಳೆಯದೇ. ಅದರ ಜೊತೆಗೆ ಕರುಣೆಯೂ ಬೇಕು. ಸಣ್ಣ ಜೀವಿಯಿಂದ ತಿಳಿಯಬಹುದಾದ್ದಕ್ಕೆ ದೊಡ್ಡ ಪ್ರಾಣಿಯನ್ನು ನೋಯಿಸಬೇಕೇ? ಈ ಪ್ರಶ್ನೆ ಕೇಳಲು ವಿಜ್ಞಾನಿಯೇ ಆಗಬೇಕಿಲ್ಲ. ನಾವೂ ಕೇಳಬಹುದು.

ನಾವು ಏನು ಮಾಡಬಹುದು?

ಗೋಡೆಯ ಒಣ ಪಾಚಿ ಒಂದು ಚೂರು ತನ್ನಿ. ತಟ್ಟೆಯಲ್ಲಿ ನೀರು ಹಾಕಿ ಒಂದು ರಾತ್ರಿ ನೆನೆಸಿ. ಮಾರನೇ ದಿನ ಹಿಂಡಿ, ಆ ನೀರನ್ನು ಮಕ್ಕಳ ಕೈಯಲ್ಲಿ ಹೈಸ್ಕೂಲಿಗೆ ಕಳಿಸಿ. ಸೂಕ್ಷ್ಮದರ್ಶಕದಲ್ಲಿ ತೋರಿಸಿರಿ ಎಂದು ವಿಜ್ಞಾನದ ಮೇಷ್ಟ್ರನ್ನೋ ಟೀಚರನ್ನೋ ಕೇಳಿ. ನೀವೂ ಹೋಗಿ ನೋಡಿ. ಒಂದು ಸಲಕ್ಕೆ ಸಿಗದಿದ್ದರೆ ಬೇರೆ ಗೋಡೆಯ ಪಾಚಿ ತನ್ನಿ.

ಬೆಂಗಳೂರಿನವರು ಕಂಡದ್ದೂ ಹೀಗೆಯೇ, ಗೋಡೆಯ ಪಾಚಿಯಲ್ಲಿ. ನಮ್ಮೂರ ಗೋಡೆಯಲ್ಲಿ ಏನಿದೆಯೋ, ನೋಡಿದವರೇ ಬಲ್ಲರು!

ಓದಿದ ಮೇಲೆ ಮಾತಾಡೋಣ

1. ನೀರುಕರಡಿ ಒಣಗಿದಾಗ ಏನು ಮಾಡುತ್ತದೆ?
2. ಆಕಾಶದಲ್ಲಿ ಮೂಳೆ ಯಾಕೆ ಸವೆಯುತ್ತದೆ?
3. ಲೈಕಾಳನ್ನು ಕಳಿಸಿದ್ದು ಸರಿಯೇ? ನಿಮ್ಮ ಅಭಿಪ್ರಾಯ ಹೇಳಿ.