ಒಂದೇ ತಳಿ ಸಿಕ್ಕ ಮಾತ್ರಕ್ಕೆ ಅಂಟಿಸಿದವರು ಸಿಕ್ಕಂತಲ್ಲ

ಸಿಸ್ಟಿಕ್ ಫೈಬ್ರೋಸಿಸ್, ಅಂದರೆ ಸಿಎಫ್ ಇರುವ ಇಬ್ಬರನ್ನು ಆಸ್ಪತ್ರೆಯಲ್ಲಿ ಅಕ್ಕಪಕ್ಕ ಕೂರಿಸುವುದಿಲ್ಲ. ಇದನ್ನು ಕಂಡವರಲ್ಲಿ ಹಲವು ತಪ್ಪು ಕಲ್ಪನೆಗಳಿವೆ. ಒಂದು ಕಾಲದಲ್ಲಿ ವೈದ್ಯರಲ್ಲೂ ಇದ್ದವು.

ತಪ್ಪು ಕಲ್ಪನೆ: ಸಿಎಫ್ ಅಂಟುರೋಗ.

ಅಲ್ಲ. ದೋಷವಿರುವ ಜೀನು ತಂದೆ ತಾಯಿ ಇಬ್ಬರಿಂದಲೂ ಬಂದ ಮಗುವಿಗೆ ಹುಟ್ಟಿನಿಂದಲೇ ಇರುವ ಕಾಯಿಲೆ ಇದು. ಬಿಳಿಯರಲ್ಲಿ ಹೆಚ್ಚು, ಆದರೆ ಭಾರತದ ಮಕ್ಕಳಲ್ಲೂ ಇದೆ. ಎದೆಯೊಳಗಿನ ಲೋಳೆ ಗಟ್ಟಿಯಾಗಿ ಕಫ ಹೊರಬಾರದೆ ಉಳಿಯುವುದರಿಂದ ಬ್ಯಾಕ್ಟೀರಿಯಾ ಅಲ್ಲೇ ಬೀಡುಬಿಡುತ್ತವೆ. ಆರೋಗ್ಯವಂತರನ್ನು ಸಾಮಾನ್ಯವಾಗಿ ಕಾಡದ ಈ ಬ್ಯಾಕ್ಟೀರಿಯಾ ಇನ್ನೊಬ್ಬ ಸಿಎಫ್ ರೋಗಿಗೆ ದಾಟಿದರೆ ಪ್ರಾಣಕ್ಕೇ ಕುತ್ತು. ಆದ್ದರಿಂದಲೇ ಆ ಅಂತರ.

ತಪ್ಪು ಕಲ್ಪನೆ: ಈ ಬ್ಯಾಕ್ಟೀರಿಯಾ ಮಣ್ಣು, ನೀರಿನಿಂದ ಬರುತ್ತವೆ, ರೋಗಿಯಿಂದ ರೋಗಿಗೆ ದಾಟುವುದಿಲ್ಲ.

ಬರ್ಕೋಲ್ಡೇರಿಯಾ ಸೆಪೇಶಿಯಾ ಎಂಬ ಬ್ಯಾಕ್ಟೀರಿಯಾವನ್ನು 1950ರಲ್ಲಿ ಗುರುತಿಸಿದ್ದು ಕೊಳೆತ ಈರುಳ್ಳಿಯಲ್ಲಿ. ಅದೇ ಬ್ಯಾಕ್ಟೀರಿಯಾ ಹೊಕ್ಕ ಕೆಲವು ಸಿಎಫ್ ರೋಗಿಗಳು ವಿಪರೀತ ಜ್ವರ ಬಂದು, ಉಸಿರಾಟ ಕುಸಿದು ಬೇಗನೆ ಸಾಯುತ್ತಿರುವುದನ್ನು 1984ರಲ್ಲಿ ಟೊರಾಂಟೊದ ವೈದ್ಯರು ದಾಖಲಿಸಿದರು. ರೋಗಿಗಳ ಒಡನಾಟದಲ್ಲೇ ಇದು ಹರಡುತ್ತದೆ ಎಂಬುದಕ್ಕೆ 1993ರಲ್ಲಿ ಬ್ರಿಟನ್ನಿನಿಂದ ಬಲವಾದ ಸಾಕ್ಷ್ಯ ಬಂತು. ಎಡಿನ್‌ಬರೋದಲ್ಲೂ ಟೊರಾಂಟೊದಲ್ಲೂ ಒಂದೇ ತಳಿ ಇತ್ತು. ಈಗದರ ಹೆಸರು ಇಟಿ12. ಹೀಗಾಗಿ ಸಿಎಫ್ ಮಕ್ಕಳ ಬೇಸಿಗೆ ಶಿಬಿರಗಳನ್ನು ಅಮೆರಿಕ, ಕೆನಡಾಗಳಲ್ಲಿ ಮುಚ್ಚಬೇಕಾಯಿತು. ಕೆಮ್ಮಿದರೆ ಯಾರೂ ತಿರುಗಿ ನೋಡದ ಜಾಗವೊಂದು ಆ ಮಕ್ಕಳಿಗೆ ತಪ್ಪಿಹೋಯಿತು. ತೀರ್ಮಾನ ಸರಿ, ಆದರೆ ಆ ನಷ್ಟವೂ ಸಣ್ಣದಲ್ಲ.

1996ರಲ್ಲಿ ಲಿವರ್‌ಪೂಲ್‌ನ ಮಕ್ಕಳ ಕ್ಲಿನಿಕ್‌ನಲ್ಲಿ ಸ್ಯೂಡೋಮೊನಾಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಕಥೆಯೂ ಹೀಗೇ ಬಯಲಾಯಿತು. ಮಾಮೂಲಿ ಕಫ ಪರೀಕ್ಷೆ ಬ್ಯಾಕ್ಟೀರಿಯಾದ ಹೆಸರು ಹೇಳುತ್ತದೆಯೇ ಹೊರತು ತಳಿ ಹೇಳುವುದಿಲ್ಲ. ತಳಿ ನೋಡಿದ ಮೇಲಷ್ಟೇ ಒಂದೇ ತಳಿ ಅನೇಕ ಮಕ್ಕಳಲ್ಲಿ ಹಬ್ಬಿರುವುದು ತಿಳಿದದ್ದು.

ತಪ್ಪು ಕಲ್ಪನೆ: ಇಬ್ಬರಲ್ಲಿ ಒಂದೇ ತಳಿ ಕಂಡರೆ ತನಿಖೆ ಮುಗಿಯಿತು.

ತನಿಖೆ ಶುರುವಾಗುವುದೇ ಅಲ್ಲಿಂದ. ಯಾರು ಯಾವ ದಿನ ಒಪಿಡಿಗೆ ಬಂದರು, ಯಾವ ವಾರ್ಡಿನಲ್ಲಿದ್ದರು, ಉಸಿರು ಊದಿಸುವ ಪರೀಕ್ಷೆಗೆ ಒಬ್ಬರ ಹಿಂದೆ ಒಬ್ಬರು ಒಂದೇ ಕೋಣೆಗೆ ಹೋದರೇ, ಎಲ್ಲವನ್ನೂ ದಿನಾಂಕದ ಪ್ರಕಾರ ಪಟ್ಟಿ ಮಾಡಬೇಕು. ನಲ್ಲಿ, ಸಿಂಕು, ನೆಬುಲೈಸರ್‌ಗಳಿಂದ ಮಾದರಿ ತೆಗೆಯಬೇಕು.

ಕೇಂಬ್ರಿಜ್ ಬಳಿಯ ಪ್ಯಾಪ್‌ವರ್ತ್ ಆಸ್ಪತ್ರೆಯವರು ಕ್ಷಯದ ಬ್ಯಾಕ್ಟೀರಿಯಾದ ದೂರದ ನೆಂಟನಾದ ಮೈಕೋಬ್ಯಾಕ್ಟೀರಿಯಂ ಆಬ್ಸೆಸಸ್‌ನ ಪೂರ್ತಿ ಜೀನೋಮ್ ಓದಿ 2013ರಲ್ಲಿ ಪ್ರಕಟಿಸಿದರು. ಕೆಲವು ರೋಗಿಗಳಲ್ಲಿದ್ದ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಪಡಿಯಚ್ಚು. ಇನ್ನೂ ಮುಖ್ಯವಾದದ್ದು, ಅಮಿಕಾಸಿನ್‌ನಂಥ ಔಷಧವನ್ನು ದೀರ್ಘಕಾಲ ತೆಗೆದುಕೊಂಡೇ ಇರದವರ ಬ್ಯಾಕ್ಟೀರಿಯಾಕ್ಕೂ ಆ ಔಷಧ ತಾಗುತ್ತಿರಲಿಲ್ಲ. ಆ ಪ್ರತಿರೋಧ ಬೇರೊಬ್ಬರ ದೇಹದಲ್ಲಿ ಬೆಳೆದು ಬಂದಿರಬೇಕು. ಆ ರೋಗಿಗಳು ಆಸ್ಪತ್ರೆಗೆ ಬಂದ ದಿನಗಳೂ ಒಂದಕ್ಕೊಂದು ಹೊಂದಿದವು.

ಆದರೆ 2016ರ ಅಧ್ಯಯನದಲ್ಲಿ ಇದೇ ಬ್ಯಾಕ್ಟೀರಿಯಾದ ಕೆಲವು ತಳಿಗಳು ಹಲವು ಖಂಡಗಳಲ್ಲಿ ಸಿಕ್ಕವು. ಒಬ್ಬರನ್ನೊಬ್ಬರು ನೋಡಿಯೇ ಇರದವರಲ್ಲೂ ಹತ್ತಿರದ ತಳಿ ಇರಬಹುದು. ಅದೇ ವರ್ಷ ಅಮೆರಿಕದ ಬೇರೆ ಬೇರೆ ರಾಜ್ಯಗಳ ಆಸ್ಪತ್ರೆಗಳಲ್ಲಿ ಸೆಪೇಶಿಯಾ ಹಬ್ಬಿದಾಗ ಮೂಲ ಯಾವ ರೋಗಿಯೂ ಆಗಿರಲಿಲ್ಲ; ಮಲಬದ್ಧತೆಗೆ ಕೊಡುವ ಡೋಕ್ಯುಸೇಟ್ ಎಂಬ ದ್ರವ ಔಷಧ. ಅದನ್ನು ತಯಾರಿಸುವ ಕಾರ್ಖಾನೆಯ ನೀರಿನ ವ್ಯವಸ್ಥೆಯಲ್ಲೇ ಬ್ಯಾಕ್ಟೀರಿಯಾ ಇತ್ತು. ಅಲ್ಲಿ ಹೆಚ್ಚಾಗಿ ಬಳಲಿದವರು ಸಿಎಫ್ ಇಲ್ಲದ, ವೆಂಟಿಲೇಟರ್ ಮೇಲಿದ್ದ ರೋಗಿಗಳು. ಹೀಗಿರುವಾಗ, ಪಟ್ಟಿ ಪೂರ್ತಿಯಾಗುವ ಮುನ್ನ ಒಬ್ಬ ರೋಗಿಯತ್ತ ಬೆರಳು ತೋರಿಸುವುದು ಅನ್ಯಾಯ.

ತಪ್ಪು ಕಲ್ಪನೆ: ಕಫದ ರಿಪೋರ್ಟ್ ಚೆನ್ನಾಗಿದ್ದರೆ ಹತ್ತಿರ ಕೂರಬಹುದು.

ಕೂರಬಾರದು. ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ ಕೆಮ್ಮಿನ ಹನಿಗಳಲ್ಲಿದ್ದ ಸ್ಯೂಡೋಮೊನಾಸ್ 4 ಮೀಟರ್ ದೂರದಲ್ಲೂ, 45 ನಿಮಿಷದ ನಂತರವೂ ಜೀವಂತವಾಗಿತ್ತು. ಅಮೆರಿಕದ ಸಿಎಫ್ ಫೌಂಡೇಶನ್ ಹಳೆಯ 3 ಅಡಿ ಅಂತರವನ್ನು 2013ರಲ್ಲಿ 6 ಅಡಿಗೆ ಏರಿಸಿತು. ರಿಪೋರ್ಟ್ ಏನೇ ಇರಲಿ, ಆಸ್ಪತ್ರೆಯೊಳಗೆ ಪ್ರತಿ ಸಿಎಫ್ ರೋಗಿಯೂ ಮಾಸ್ಕ್ ಹಾಕಬೇಕು, ಅವರನ್ನು ಮುಟ್ಟುವ ಸಿಬ್ಬಂದಿ ಗೌನು, ಗ್ಲೌಸು ತೊಡಬೇಕು ಎಂದಿತು. ರಿಪೋರ್ಟ್ ಹೇಳುವುದು ಕಫ ಕೊಟ್ಟ ದಿನದ ಸ್ಥಿತಿಯನ್ನು. ಆಮೇಲೆ ಸೇರಿಕೊಂಡದ್ದು ಅದರಲ್ಲಿ ಇರುವುದಿಲ್ಲ.