ಮಡಚಿ ಒಯ್ಯುವ ಹೊಲಿಗೆ: ಒಮಾನ್‌ನ ಹಾದಿಯಲ್ಲಿ ಸೂಜಿ, ನೂಲು, ಮಗ್ಗ

ಒಮಾನ್‌ನ ಬೆಡೂಯಿನ್ ಹೆಂಗಸರು ನೇಯುವ ಮಗ್ಗಕ್ಕೆ ಚೌಕಟ್ಟಿಲ್ಲ, ಕಾಲಿಲ್ಲ. ಮರಳಿಗೆ ಹೊಡೆದ ನಾಲ್ಕು ಗೂಟ, ಅವಕ್ಕೆ ತಾಗಿಸಿ ಇಟ್ಟ ಎರಡು ಅಡ್ಡಗೋಲು, ಆ ಎರಡರ ನಡುವೆ ಬಿಗಿಯಾಗಿ ಎಳೆದ ಹಾಸುನೂಲು, ಇಷ್ಟಾದರೆ ಮಗ್ಗ ಸಿದ್ಧ. ಬಿಡಾರ ಕೀಳುವ ದಿನ ಬಂದರೆ ಗೂಟ ಕಿತ್ತು, ಅರ್ಧ ನೇಯ್ದ ಬಟ್ಟೆಯನ್ನು ಗೋಲುಗಳ ಸಮೇತ ಚಾಪೆಯಂತೆ ಸುತ್ತಿ ಒಂಟೆಯ ಮೇಲೆ ಹೇರುತ್ತಾರೆ. ಮುಂದಿನ ತಾಣದಲ್ಲಿ ಮತ್ತೆ ನಾಲ್ಕು ಗೂಟ ಹೊಡೆದರೆ ನಿಂತ ಎಳೆಯಿಂದಲೇ ಕೆಲಸ ಮುಂದುವರಿಯುತ್ತದೆ.

ಇಂದು ಕ್ಯಾರವಾನ್‌ಗಳಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ದೇಶ ಸುತ್ತುವವರಿದ್ದಾರೆ. ಅವರಿಗೆ ಎದುರಾಗುವ ಇಕ್ಕಟ್ಟುಗಳೆಲ್ಲ ಅರೇಬಿಯಾದ ಅಲೆಮಾರಿ ಹೆಂಗಸರಿಗೆ ತೀರ ಹಳೆಯವು. ಜಾಗ ಕಡಿಮೆ, ಹೊರೆ ಹಗುರವಾಗಿರಬೇಕು, ಕೆಲಸವನ್ನು ಯಾವ ಗಳಿಗೆಯಲ್ಲಾದರೂ ನಿಲ್ಲಿಸಿ ಎದ್ದುಹೋಗುವಂತಿರಬೇಕು, ವಾರ ಬಿಟ್ಟು ಕೂತರೂ ಎಲ್ಲಿ ನಿಂತಿತ್ತೆಂದು ಕೈಗೆ ತಿಳಿಯಬೇಕು. ಒಮಾನ್‌ನಲ್ಲಿ ಈ ಅಗತ್ಯಗಳೇ ಮಗ್ಗದ ಆಕಾರವನ್ನೂ ಬಟ್ಟೆಯ ಅಗಲವನ್ನೂ ಹೊಲಿಗೆಯ ಬಗೆಯನ್ನೂ ತೀರ್ಮಾನಿಸಿವೆ.

ದೇಶದ ಪೂರ್ವಕ್ಕಿರುವ ಶರ್ಕಿಯಾ ಮರಳುಗಾಡಿಗೆ ಹಳೆಯ ಹೆಸರು ವಹಿಬಾ. ಬನೀ ವಹಿಬಾ ಬುಡಕಟ್ಟಿನಿಂದ ಬಂದ ಹೆಸರದು. ಉತ್ತರದಿಂದ ದಕ್ಷಿಣಕ್ಕೆ ಸುಮಾರು 180 ಕಿ.ಮೀ., ಅಡ್ಡಲಾಗಿ ಸುಮಾರು 80 ಕಿ.ಮೀ. ಹಬ್ಬಿದ ಈ ಮರಳುದಿಬ್ಬಗಳ ನಡುವೆ ಆಡು, ಒಂಟೆ ಮೇಯಿಸುವ ಕುಟುಂಬಗಳು ಬೇಸಗೆಯಲ್ಲಿ ಖರ್ಜೂರದ ಕೊಯ್ಲಿಗೆಂದು ಬಿದಿಯಾ ಊರಿನ ಸುತ್ತಿನ ತೋಟಗಳ ಅಂಚಿಗೆ ಬರುತ್ತಿದ್ದವು. ಚಳಿಗಾಲಕ್ಕೆ ಮರಳಿನೊಳಗೆ ಹಿಂದಿರುಗುತ್ತಿದ್ದವು. ಇನ್ನೂ ದಕ್ಷಿಣಕ್ಕೆ, ಸುಮಾರು 40 ಸಾವಿರ ಚದರ ಕಿ.ಮೀ. ವಿಸ್ತಾರದ ಜಿದ್ದತ್ ಅಲ್ ಹರಾಸೀಸ್ ಎಂಬ ಕಲ್ಲುಬಯಲು ಹರಾಸೀಸ್ ಜನರ ನೆಲ. ಅರೇಬಿಯಾದ ಬೆಡೂಯಿನ್ ಎಂದರೆ ಕಪ್ಪು ಗುಡಾರವೇ ಕಣ್ಣೆದುರು ಬರುತ್ತದೆ. ಆದರೆ ಹರಾಸೀಸರ ಹಳೆಯ ಬದುಕಿನಲ್ಲಿ ಗುಡಾರವೇ ಇರಲಿಲ್ಲ. ಜಾಲಿಯ ಜಾತಿಯ ಒಂದು ಮರ, ಅದರ ಕೊಂಬೆಗಳ ಮೇಲೆ ಹೊದಿಸಿದ ಕಂಬಳಿ, ಕೆಳಗೆ ಹಾಸಿದ ಜಮಖಾನೆ, ಇದೇ ಮನೆ. ಇಂಥ ಕಡೆ ನೇಯ್ದ ಬಟ್ಟೆಯೇ ಗೋಡೆಯಾಗಿ, ಹಾಸಿಗೆಯಾಗಿ, ಸಾಮಾನಿನ ಕಪಾಟಾಗಿ ದುಡಿಯುತ್ತಿತ್ತು.

ಕೆಲಸ ಶುರುವಾಗುವುದು ತಕ್ಕಲಿಯಿಂದ. ಆಡಿನ ಕೂದಲು, ಕುರಿಯ ಉಣ್ಣೆ, ಒಂಟೆಯ ಮೃದು ಕೂದಲನ್ನು ಬಿಡಿಸಿ, ಮಂದೆಯ ಹಿಂದೆ ನಡೆಯುತ್ತಲೇ ನೂಲುತ್ತಾರೆ. ನಡಿಗೆಯೂ ನೂಲುವುದೂ ಒಂದೇ ಹೊತ್ತಿನಲ್ಲಿ ಆಗುವುದರಿಂದ ಇದಕ್ಕೆಂದು ಬೇರೆ ಸಮಯ ಬೇಕಿಲ್ಲ. ಉತ್ತರ ಕರ್ನಾಟಕದಲ್ಲಿ ಕುರಿಹಿಂಡಿನೊಂದಿಗೆ ಊರೂರು ಸುತ್ತುವ ಕುರುಬರ ಕೈಯಲ್ಲಿ ತಕ್ಕಲಿ ತಿರುಗುವುದನ್ನು ಕಂಡವರಿಗೆ ಈ ದೃಶ್ಯ ಹೊಸದಲ್ಲ. ವ್ಯತ್ಯಾಸವೊಂದಿದೆ. ಕುರುಬರ ಕಂಬಳಿ ನೆಯ್ಗೆ ಕುಣಿಮಗ್ಗದಲ್ಲಿ ನಡೆಯುತ್ತದೆ, ಕುಣಿಮಗ್ಗಕ್ಕೆ ನೆಲ ಅಗೆಯಬೇಕು, ನೆಲ ಅಗೆದ ಮೇಲೆ ಊರು ಬಿಟ್ಟು ಹೊರಡುವಂತಿಲ್ಲ. ಒಮಾನ್‌ನಲ್ಲಿಯೂ ಕುಣಿಮಗ್ಗಗಳಿದ್ದವು. ಅವು ನೆಲೆನಿಂತ ಊರುಗಳಲ್ಲಿ, ಗಂಡಸರ ಕೈಯಲ್ಲಿ ಇದ್ದವು. ಮರಳುಗಾಡಿನ ನೆಲಮಗ್ಗ ಹೆಂಗಸರದ್ದು.

ನೆಲಮಗ್ಗದಲ್ಲಿ ಹಾಸುನೂಲು ದಟ್ಟ. ಮೇಲೆ ಕಾಣುವುದೆಲ್ಲ ಅದರದೇ ಬಣ್ಣ, ಹೊಕ್ಕುನೂಲು ಒಳಗೆ ಅಡಗಿಬಿಡುತ್ತದೆ. ಆದ್ದರಿಂದಲೇ ವಿನ್ಯಾಸಗಳು ಬಟ್ಟೆಯ ಉದ್ದಕ್ಕೆ ಓಡುವ ಪಟ್ಟೆಗಳಾಗಿರುತ್ತವೆ, ಕೆಂಪು, ಕಪ್ಪು, ಬಿಳಿಯ ನಡುವೆ ಸಣ್ಣ ಸಣ್ಣ ತ್ರಿಕೋನಗಳ ಸಾಲು. ನೂಲನ್ನು ಎತ್ತಿ ಹಿಡಿಯುವ ಕೋಲಿಗೆ ಎರಡೂ ಬದಿಯಲ್ಲಿ ಕಲ್ಲೋ ಖಾಲಿ ಡಬ್ಬವೋ ಆಸರೆ. ಹೊಕ್ಕನ್ನು ಬಡಿದು ಕೂರಿಸಲು ಕತ್ತಿಯಾಕಾರದ ಮರದ ಪಟ್ಟಿ, ಎಳೆಗಳನ್ನು ಬಿಡಿಸಲು ಜಿಂಕೆಯ ಕೊಂಬಿನ ಚೂಪು ತುಂಡು. ನೇಯುವವಳು ನೆಲದ ಮೇಲೆ ಕೂತು, ಬಟ್ಟೆ ಬೆಳೆದಂತೆ ಮುಂದೆ ಮುಂದೆ ಸರಿಯುತ್ತಾಳೆ.

ಹೀಗೆ ಕೂತು ನೇಯುವಾಗ ಬಟ್ಟೆ ಎಷ್ಟು ಅಗಲವಿರಬಹುದು ಎಂಬುದು ಅವಳ ಎರಡು ಕೈ ಎಷ್ಟು ದೂರ ಚಾಚುತ್ತವೆ ಎಂಬುದರ ಮೇಲೆ ನಿಂತಿದೆ. ಉದ್ದಕ್ಕೆ ಮಿತಿಯಿಲ್ಲ, ಅಗಲಕ್ಕೆ ಇದೆ. ಸೂಜಿಯ ಕೆಲಸ ಶುರುವಾಗುವುದು ಇಲ್ಲಿಂದ. ಕಿರಿದಾದ ಪಟ್ಟಿಗಳನ್ನು ಅಂಚಿಗೆ ಅಂಚು ತಾಗಿಸಿ, ದಪ್ಪ ಸೂಜಿಯಲ್ಲಿ ಉಣ್ಣೆಯ ದಾರ ಪೋಣಿಸಿ ಕೂಡಿಸಿದರೆ ದೊಡ್ಡ ಹಾಸು. ಒಂದೇ ಪಟ್ಟಿಯ ಎರಡು ತುದಿಗಳನ್ನು ಒಳಕ್ಕೆ ಮಡಚಿ ಬದಿ ಹೊಲಿದರೆ ‘ಖುರ್ಜ್’, ಅಂದರೆ ಒಂಟೆಯ ಎರಡೂ ಮಗ್ಗುಲಿಗೆ ಜೋತುಬೀಳುವ ಜೋಡಿಚೀಲ. ಕೂಡುವ ಹೊಲಿಗೆಯನ್ನು ಅಡಗಿಸುವ ರೂಢಿಯಿಲ್ಲ. ಬೇರೆ ಬಣ್ಣದ ದಾರದಿಂದ ಅದನ್ನೇ ಅಲಂಕಾರ ಮಾಡುತ್ತಾರೆ, ಅಂಚಿಗೆ ಗೊಂಡೆ ಕಟ್ಟುತ್ತಾರೆ. ಒಂಟೆ ನಡೆದಾಗ ಆ ಗೊಂಡೆಗಳು ತೂಗಬೇಕು. ಹೊಟ್ಟೆಪಟ್ಟಿ, ಮೂಗುದಾರ, ಜೀನಿನ ಹೊದಿಕೆ, ಕುತ್ತಿಗೆಯ ಪಟ್ಟಿ, ಒಂಟೆಯ ಮೈಮೇಲಿನ ಇವೆಲ್ಲ ಹೆಂಗಸರ ಕೈಕೆಲಸ. ಪ್ರಯಾಣಕ್ಕೆ ಬೇಕಾದ ಸರಂಜಾಮನ್ನು ಪ್ರಯಾಣದಲ್ಲೇ ಮಾಡಿಕೊಳ್ಳುವ ಈ ಪದ್ಧತಿ ಬಟ್ಟೆಯ ಇತಿಹಾಸದಲ್ಲಿ ಈಗಿರುವುದಕ್ಕಿಂತ ದೊಡ್ಡ ಜಾಗ ಪಡೆಯಬೇಕು.

1970ರಲ್ಲಿ ಸುಲ್ತಾನ್ ಖಾಬೂಸ್ ಆಡಳಿತಕ್ಕೆ ಬಂದ ನಂತರದ ವರ್ಷಗಳಲ್ಲಿ, ತೈಲದ ಹಣದೊಂದಿಗೆ ರಸ್ತೆಗಳೂ ಪಿಕಪ್ ಗಾಡಿಗಳೂ ಮರಳುಗಾಡಿಗೆ ಬಂದವು. ಮಾನವಶಾಸ್ತ್ರಜ್ಞೆ ಡಾನ್ ಚ್ಯಾಟಿ ಹರಾಸೀಸರ ನಡುವೆ ದುಡಿದು 1996ರಲ್ಲಿ ಪ್ರಕಟಿಸಿದ ‘ಮೊಬೈಲ್ ಪ್ಯಾಸ್ಟೊರಲಿಸ್ಟ್ಸ್’ ಪುಸ್ತಕ ಈ ಪಲ್ಲಟವನ್ನು ದಾಖಲಿಸಿದೆ. ನೀರು ತರುವುದು, ಮೇವು ಸಾಗಿಸುವುದು, ಬಿಡಾರ ಎತ್ತುವುದು ಎಲ್ಲವೂ ಗಾಡಿಯ ಪಾಲಾಯಿತು. ಸವಾರಿಯ ಒಂಟೆ ಮೂಲೆಗೆ ಸರಿದಾಗ ಅದರ ಜೋಡಿಚೀಲವೂ ಹಗ್ಗವೂ ಸಹಜವಾಗಿ ಮೂಲೆಗೆ ಸರಿಯಬೇಕಿತ್ತು. ಪೂರ್ತಿ ಹಾಗಾಗಲಿಲ್ಲ. ಒಂಟೆ ಓಟಗಳೂ ಮದುವೆ ಮೆರವಣಿಗೆಗಳೂ ಉಳಿದುಕೊಂಡವು, ಸಿಂಗರಿಸಿದ ಒಂಟೆ ಮನೆತನದ ಗೌರವವಾಗಿ ನಿಂತಿತು. ಉಣ್ಣೆಯ ಜಾಗಕ್ಕೆ ಅಂಗಡಿಯ ಸಿಂಥೆಟಿಕ್ ನೂಲು ಬಂದು, ಹಳೆಯ ಕೆಂಪು-ಕಪ್ಪಿನ ಜೊತೆ ಕಿತ್ತಳೆ, ಹಸಿರು ಸೇರಿದವು. ಪ್ರವಾಸಿಗಳಿಗಾಗಿ ಅದೇ ನೆಯ್ಗೆಯ ಬೆರಳುದ್ದದ ಕೀಚೈನ್‌ಗಳು ಹುಟ್ಟಿದವು. ಹಳೆಯ ಬಣ್ಣಗಳ ಗಾಂಭೀರ್ಯ ಹೊಸತಕ್ಕಿಲ್ಲ ಎಂದು ಅನ್ನಿಸುವುದು ನಿಜ, ಆದರೆ ನೇಯುವ ಕೈ ಉಳಿದದ್ದು ಇದರಿಂದಲೇ. ಈ ಬದುಕು ಹೊರಗಿನವರ ಕಣ್ಣಿಗೂ ಬಿತ್ತು: 1985-86ರಲ್ಲಿ ಬ್ರಿಟನ್ನಿನ ರಾಯಲ್ ಜಿಯೊಗ್ರಾಫಿಕಲ್ ಸೊಸೈಟಿ ನಡೆಸಿದ ವಹಿಬಾ ಮರಳುಗಾಡಿನ ಸಮೀಕ್ಷೆ ಅಲ್ಲಿನ ಗಿಡ, ಪ್ರಾಣಿ, ಮರಳುದಿಬ್ಬಗಳ ಜೊತೆಗೆ ಜನಜೀವನವನ್ನೂ ಅಧ್ಯಯನ ಮಾಡಿತು. 2003ರಲ್ಲಿ ಒಮಾನ್ ಸರ್ಕಾರ ಕರಕುಶಲ ಉದ್ಯಮಗಳಿಗೆಂದೇ ಒಂದು ಪ್ರಾಧಿಕಾರ ಸ್ಥಾಪಿಸಿತು.

ಪ್ರಯಾಣಕ್ಕೆ ಹೇಳಿ ಮಾಡಿಸಿದಂತಿರುವ ಇನ್ನೊಂದು ಕೆಲಸ ‘ಕುಮ್ಮಾ’, ಒಮಾನ್‌ನ ಗಂಡಸರು ತೊಡುವ ಕಸೂತಿಯ ಟೋಪಿ. ಇದಕ್ಕೆ ನೆಲವೂ ಬೇಡ, ಗೂಟವೂ ಬೇಡ. ಅಂಗೈಯಲ್ಲಿ ಹಿಡಿಯುವಷ್ಟು ಬಟ್ಟೆ, ಒಂದು ಸೂಜಿ, ಒಂದು ಉಂಡೆ ದಾರ ಸಾಕು. ತಲೆಯ ಮೇಲೆ ಕೂರುವ ದುಂಡು ತುಂಡು, ಸುತ್ತ ಬರುವ ಪಟ್ಟಿ, ಹೀಗೆ ಎರಡು ಭಾಗಗಳನ್ನು ಬೇರೆ ಬೇರೆಯಾಗಿ ಹೊಲಿದು ಕೊನೆಗೆ ಕೂಡಿಸುತ್ತಾರೆ. ಬಿಳಿ ಹತ್ತಿಬಟ್ಟೆಯ ಎರಡು ಪದರ ಒಂದರ ಮೇಲೊಂದು ಇಟ್ಟು, ಎರಡನ್ನೂ ಹಾಯುವಂತೆ ಒತ್ತೊತ್ತಾಗಿ ಹೊಲಿಗೆ ಹಾಕುವುದರಿಂದ ಟೋಪಿಗೆ ಬಿಗಿ ಬರುತ್ತದೆ. ವಿನ್ಯಾಸದ ಗೆರೆಯುದ್ದಕ್ಕೂ ಸಾಸಿವೆ ಕಾಳಿನಷ್ಟು ಸಣ್ಣ ತೂತುಗಳು, ಪ್ರತಿ ತೂತಿನ ಸುತ್ತ ಟೈಲರ್‌ಗಳು ಗುಂಡಿಮನೆಗೆ ಹಾಕುವ ಕಾಜಾದಂಥ ಸುತ್ತುಹೊಲಿಗೆ. ಈ ತೂತುಗಳಿಂದ ಗಾಳಿಯಾಡುತ್ತದೆ, ಸುಡುಬಿಸಿಲಿನಲ್ಲಿ ತಲೆ ಬೆವರಿ ಕುದಿಯುವುದಿಲ್ಲ. ಕೈಯಲ್ಲಿ ಮಾಡಿದ ಒಂದು ಒಳ್ಳೆಯ ಕುಮ್ಮಾ ಮುಗಿಯಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಯಂತ್ರದಲ್ಲಿ ಹೊಲಿದು ಆಮದಾಗುವ ಅಗ್ಗದ ಟೋಪಿಗಳು ಪೇಟೆಯ ಸೂಕ್‌ಗಳಲ್ಲೂ ತುಂಬಿದ್ದರೂ ಕೈಹೊಲಿಗೆಯದಕ್ಕೆ ಅನೇಕ ಪಟ್ಟು ಬೆಲೆ ಇದೆ.

ಕುಮ್ಮಾದ ಬೇರು ಪೂರ್ವ ಆಫ್ರಿಕಾದ ಕರಾವಳಿಯ ‘ಕೋಫಿಯಾ’ ಟೋಪಿಯೊಂದಿಗೆ ಹೆಣೆದುಕೊಂಡಿದೆ. ಒಮಾನ್‌ನ ದೊರೆ ಸಯ್ಯಿದ್ ಸಯೀದ್ ಬಿನ್ ಸುಲ್ತಾನ್ 1840ರ ಹೊತ್ತಿಗೆ ತನ್ನ ರಾಜಧಾನಿಯನ್ನು ಮಸ್ಕತ್‌ನಿಂದ ಆ ಕರಾವಳಿಯ ಜಾಂಜಿಬಾರ್‌ಗೆ ಸಾಗಿಸಿದ. 1964ರ ಜಾಂಜಿಬಾರ್ ಕ್ರಾಂತಿಯ ನಂತರ, ಅದರಲ್ಲೂ 1970ರ ಬಳಿಕ, ಅಲ್ಲಿನ ಅನೇಕ ಒಮಾನಿ ಮೂಲದ ಕುಟುಂಬಗಳು ಹಿಂದಿರುಗಿದವು. ಮನೆ, ತೋಟ ಬಿಟ್ಟು ಬಂದವರ ಜೊತೆ ಈ ಸೂಜಿಕೆಲಸ ಬಂತು.

ಪದರದ ಮೇಲೆ ಪದರ ಇಟ್ಟು ಹೊಲಿಯುವ ಈ ತತ್ವವೇ ಕೌದಿಯದ್ದೂ. ಹಳೆಯ ಸೀರೆ, ಧೋತರಗಳನ್ನು ಪದರವಾಗಿಸಿ, ಮೇಲೆ ಬಣ್ಣದ ತುಂಡುಗಳನ್ನು ಕೂರಿಸಿ ಸಾಲುಸಾಲಾಗಿ ಹೊಲಿಗೆ ಓಡಿಸುವ ಕೆಲಸವನ್ನು ಉತ್ತರ ಕರ್ನಾಟಕದಲ್ಲಿ ಊರೂರು ತಿರುಗುವ ಅಲೆಮಾರಿ ಹೆಂಗಸರೂ ಮಾಡಿಕೊಡುತ್ತಾರೆ. ಬಟ್ಟೆ ಮನೆಯವರದ್ದು, ಸೂಜಿ ಅವರದ್ದು, ಕಟ್ಟೆಯೇ ಕಾರ್ಖಾನೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ತಮ್ಮ ಕೌದಿಯನ್ನು ಹೊರಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ, ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂವು ಇಡುತ್ತಾರೆ. ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಇದೇ ಪಶ್ಚಿಮ ಸಮುದ್ರ ದಾಟಿ, ಬಹುಪಾಲು ಗುಲಾಮಗಿರಿಯಲ್ಲಿ, ಬಂದವರು. ಎಲ್ಲರ ಸೂಜಿಯೂ ಸ್ವಂತ ಇಚ್ಛೆಯಿಂದ ಪ್ರಯಾಣ ಮಾಡಲಿಲ್ಲ ಎಂಬುದನ್ನು ಕೌದಿಯ ಸೊಗಸನ್ನು ಮೆಚ್ಚುವಾಗ ನೆನೆಯಬೇಕಾಗುತ್ತದೆ. ಕೌದಿಗೂ ಕುಮ್ಮಾಕ್ಕೂ ಗಾತ್ರದಲ್ಲಿ ಅಜಗಜಾಂತರ. ಎರಡರಲ್ಲೂ ಒಂದು ಸಾಲು ಮುಗಿಸಿ ಬಟ್ಟೆ ಮಡಚಿ ಎದ್ದುಬಿಡಬಹುದು.

ಸಣ್ಣ ತುಂಡುಗಳಾಗಿ ಕೆಲಸ ಒಡೆದುಕೊಳ್ಳುವುದು ಒಮಾನಿ ಹೆಂಗಸರ ಉಡುಪಿನಲ್ಲೂ ಕಾಣುತ್ತದೆ. ಕಾಲಿಗೆ ಬಿಗಿಯಾಗಿ ಕೂರುವ ‘ಸಿರ್ವಾಲ್’ ಷರಾಯಿಯ ಸೊಬಗೆಲ್ಲ ಪಾದದ ಮೇಲಿನ ಕಸೂತಿಪಟ್ಟಿಯಲ್ಲಿದೆ. ಆ ಪಟ್ಟಿಯನ್ನು ಬೇರೆಯಾಗಿ ಮಾಡಿ ಕೊನೆಗೆ ಜೋಡಿಸುತ್ತಾರೆ. ಮೇಲಿನ ಬಟ್ಟೆ ಸವೆದರೆ ಪಟ್ಟಿ ಬಿಚ್ಚಿ ಹೊಸದಕ್ಕೆ ಹೊಲಿಯಬಹುದು. ಬೆಡೂಯಿನ್ ಹೆಂಗಸರ ಮುಖವಾಡ ‘ಬುರ್ಕಾ’ ಕೂಡ ಅಂಥದೇ. ನೀಲಿ ಹಚ್ಚಿ ಬಡಿದು ಹೊಳಪು ತಂದ ಬಟ್ಟೆ, ಮೂಗಿನ ನೇರಕ್ಕೆ ಒಂದು ಕಡ್ಡಿ, ನಾಲ್ಕಾರು ಹೊಲಿಗೆ.

ಸಮುದ್ರದ ಮೇಲಾದರೆ ವಾಹನವೇ ಹೊಲಿದದ್ದು. ಹಿಂದೂ ಮಹಾಸಾಗರದ ಹಳೆಯ ಅರಬಿ ಹಡಗುಗಳ ಹಲಗೆಗಳಿಗೆ ಮೊಳೆಯಿರಲಿಲ್ಲ. ಅಂಚಿನುದ್ದಕ್ಕೂ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಈ ವಿದ್ಯೆಯನ್ನು ಪರೀಕ್ಷಿಸಲೆಂದು ಸಾಹಸಯಾತ್ರಿ ಟಿಮ್ ಸೆವೆರಿನ್ ಒಮಾನ್‌ನ ಸೂರ್ ಬಂದರಿನಲ್ಲಿ ‘ಸೊಹಾರ್’ ಹಡಗು ಕಟ್ಟಿಸಿದರು. ಮರ ಮಲಬಾರಿನ ಹೆಬ್ಬಲಸು, ಹೊಲಿದವರಲ್ಲಿ ಲಕ್ಷದ್ವೀಪದ ಕುಶಲಿಗಳಿದ್ದರು. 1980ರ ನವೆಂಬರ್‌ನಲ್ಲಿ ಮಸ್ಕತ್ ಬಿಟ್ಟ ಆ ಹಡಗು 1981ರ ಜುಲೈಯಲ್ಲಿ ಚೀನಾದ ಗುವಾಂಗ್‌ಜೌ ಮುಟ್ಟಿತು. ಈಗ ಮಸ್ಕತ್‌ನ ಅಲ್ ಬುಸ್ತಾನ್ ಬಳಿಯ ವೃತ್ತದಲ್ಲಿ ನಿಂತಿದೆ. ಹಾಯಿಯೂ ಪಟ್ಟಿ ಕೂಡಿಸಿ ಹೊಲಿದ ಬಟ್ಟೆಯೇ ಆದ್ದರಿಂದ ಹರಿದ ಹಾಯಿಗೆ ತೇಪೆ ಹಾಕುವುದು ಹಾಯಿಹಡಗುಗಳ ನಾವಿಕರ ವಾಡಿಕೆಯ ಕೆಲಸವಾಗಿತ್ತು. ಮಂಗಳೂರಿನ ಅಕ್ಕಿಯನ್ನು ಮಸ್ಕತ್‌ಗೆ ಒಯ್ಯುತ್ತಿದ್ದ ಹಡಗುಗಳಲ್ಲೂ ಸೂಜಿ ಬಲ್ಲವರು ಬೇಕಿತ್ತು.

ಇನ್ನು ಇಂದಿನ ಗಾಡಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಒಮಾನ್‌ನ ಮರಳು, ಕಣಿವೆ, ಕಡಲತೀರಗಳಲ್ಲಿ ಕ್ಯಾಂಪ್ ಹೂಡುವವರು ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ‘ಖರೀಫ್’ ಮಳೆಗಾಲದಲ್ಲಿ ದಕ್ಷಿಣದ ದೋಫಾರ್‌ನ ಬೆಟ್ಟಗಳು ಹಸಿರಾಗುತ್ತವೆ, ಕೊಲ್ಲಿ ದೇಶಗಳಿಂದ ಕುಟುಂಬಗಳು ಅಲ್ಲಿನ ಸಲಾಲಾ ಪಟ್ಟಣದತ್ತ ಹೊರಡುತ್ತವೆ. ಮಸ್ಕತ್‌ನಿಂದ ಅಲ್ಲಿಗೆ ಸುಮಾರು 1,000 ಕಿ.ಮೀ., ಹರಾಸೀಸರ ಬಯಲಿನ ಹೈಮಾ ಊರು ನಡುದಾರಿಯಲ್ಲಿ ಸಿಗುತ್ತದೆ. ಇಂಥ ಹಾದಿಯಲ್ಲಿ ಯಂತ್ರ ಒಯ್ಯುವವರಿಗೆ ಮೊದಲ ಪ್ರಶ್ನೆ ತೂಕ. ಸಿಂಗರ್ ಕಂಪನಿ 1933ರಲ್ಲಿ ತಂದ 221 ಮಾದರಿಯ ‘ಫೆದರ್‌ವೇಟ್’ ಯಂತ್ರ ಸುಮಾರು 5 ಕೆ.ಜಿ. ಮಾತ್ರ, ಮೈ ಅಲ್ಯೂಮಿನಿಯಂ, ಹಲಗೆ ಮಡಚುತ್ತದೆ. ಅದರ ತಯಾರಿಕೆ ನಿಂತು ದಶಕಗಳಾದರೂ ಕೌದಿ ಹೊಲಿಯುವ ಪ್ರಯಾಣಿಕರು ಇಂದಿಗೂ ಅದನ್ನು ಹುಡುಕಿ ಕೊಳ್ಳುತ್ತಾರೆ. ವಿದ್ಯುತ್ತಿಲ್ಲದ ಕಡೆ ಕೈಚಕ್ರದ ಹಳೆಯ ಯಂತ್ರವೇ ನಂಬುಗೆಯದು. ಮನೆಬಳಕೆಯ ಸಾಮಾನ್ಯ ಯಂತ್ರ ಸುಮಾರು 70ರಿಂದ 100 ವ್ಯಾಟ್ ಬೇಡುವುದರಿಂದ ಗಾಡಿಯ 12 ವೋಲ್ಟ್ ಬ್ಯಾಟರಿಗೆ ಒಂದು ಸಣ್ಣ ಇನ್ವರ್ಟರ್ ಜೋಡಿಸಿಯೂ ನಡೆಸಬಹುದು.

ಮರಳು ಯಂತ್ರದ ದೊಡ್ಡ ಶತ್ರು. ಎಣ್ಣೆ ಹಾಕಿದ ಭಾಗಕ್ಕೆ ಹಿಟ್ಟಿನಂಥ ಮರಳು ಅಂಟಿ ಅರೆಯುವ ಪುಡಿಯಾಗುತ್ತದೆ. ಆದ್ದರಿಂದ ಮೊದಲು ಬಾಬಿನ್ ಕೇಸ್ ಬಿಚ್ಚಿ ಬ್ರಷ್‌ನಿಂದ ಗುಡಿಸಿ, ಆಮೇಲೆ ಎಣ್ಣೆ ಬಿಡಬೇಕು. ಗಾಳಿಯೆದ್ದ ಮಧ್ಯಾಹ್ನ ಯಂತ್ರವನ್ನು ತೆರೆಯದಿರುವುದು ಲೇಸು. ಕರಾವಳಿಯ ಉಪ್ಪುಗಾಳಿಗೆ ಸೂಜಿ, ಕತ್ತರಿ ಬೇಗ ತುಕ್ಕು ಹಿಡಿಯುತ್ತವೆ, ಎಣ್ಣೆ ಸವರಿದ ಉಣ್ಣೆಬಟ್ಟೆಯ ತುಂಡಿಗೆ ಚುಚ್ಚಿಟ್ಟರೆ ಉಳಿಯುತ್ತವೆ. ಖರೀಫ್‌ನ ಜಿನುಗು ಮಳೆಯಲ್ಲಿ ದಪ್ಪ ಕೌದಿ ತೇವ ಹೀರಿ ಮುಗ್ಗಲು ವಾಸನೆ ಹಿಡಿಯುತ್ತದೆ. ಆ ಕಾಲಕ್ಕೆ ದೊಡ್ಡ ಹೊದಿಕೆ ಹರಡಿಕೊಳ್ಳುವ ಬದಲು, ಅಂಗೈಯಗಲದ ತುಂಡುಗಳನ್ನು ಒಂದೊಂದಾಗಿ ಮುಗಿಸಿ ಡಬ್ಬಿಯಲ್ಲಿ ಪೇರಿಸಿಟ್ಟು, ಮನೆ ಸೇರಿದ ಮೇಲೆ ಕೂಡಿಸುವುದು ಒಳ್ಳೆಯದು.

ಈ ಕೈಕೆಲಸವನ್ನು ಕಣ್ಣಾರೆ ಕಾಣಬೇಕೆಂದರೆ ಶರ್ಕಿಯಾ ಮರಳುಗಾಡಿನ ದಾರಿಯಲ್ಲಿರುವ ಇಬ್ರಾ ಪಟ್ಟಣಕ್ಕೆ ಬುಧವಾರ ಬೆಳಿಗ್ಗೆ ಹೋಗಬೇಕು. ಅಂದು ಅಲ್ಲಿ ಹೆಂಗಸರದ್ದೇ ಸಂತೆ, ಮಾರುವವರೂ ಕೊಳ್ಳುವವರೂ ಅವರೇ. ಬಟ್ಟೆ, ಕಸೂತಿಪಟ್ಟಿ, ಸುಗಂಧ, ಕಾಡಿಗೆ ಹರಡಿಕೊಂಡು ಕೂರುತ್ತಾರೆ. ಬಿಸಿಲು ಏರುವ ಮೊದಲೇ ಗಂಟು ಕಟ್ಟುತ್ತಾರೆ.