ಗೋಳಗುಮ್ಮಟದಿಂದ ಗಾಂಧಿ ಚೌಕಕ್ಕೆ

ಆಲಮೇಲ, ಸಿಂದಗಿಗಳ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ವಿಜಯಪುರ ನಗರಕ್ಕಿಂತ ಮೊದಲು ಕಾಣುವುದು ಗೋಳಗುಮ್ಮಟ. ಬಯಲು ಸೀಮೆಯ ಎರೆಹೊಲಗಳಾಚೆ ಅದು ಬೋರಲು ಹಾಕಿದ ಬಟ್ಟಲಿನಂತೆ ನಿಂತಿರುತ್ತದೆ. ಆದರೆ ಈ ಪ್ರಯಾಣಿಕರಲ್ಲಿ ಹೆಚ್ಚಿನವರು ಗುಮ್ಮಟ ನೋಡಲು ಬಂದವರಲ್ಲ. ಮದುವೆಯ ಜವಳಿ, ಬಂಗಾರ, ಮಕ್ಕಳ ಪುಸ್ತಕ, ಪಂಪ್‌ಸೆಟ್ಟಿನ ಬಿಡಿಭಾಗ, ಕಚೇರಿಯ ಕಾಗದ-ಪತ್ರ ಹೀಗೆ ಒಂದಲ್ಲ ಒಂದು ಕೆಲಸಕ್ಕೆ ಬಂದವರು. ಅವರ ಕಾಲು ತಾನಾಗಿ ತಿರುಗುವುದು ಮಹಾತ್ಮಾ ಗಾಂಧಿ ರಸ್ತೆಯ ಕಡೆಗೆ.

ಊರಿನ ಪೂರ್ವಕ್ಕೆ ರೈಲು ನಿಲ್ದಾಣ ಮತ್ತು ಗೋಳಗುಮ್ಮಟ. ಪಶ್ಚಿಮಕ್ಕೆ, ಕೋಟೆಯ ಹೊರಗೆ, ಇಬ್ರಾಹಿಂ ರೋಜಾ. ಈ ಎರಡು ತುದಿಗಳ ನಡುವೆ ನಗರವನ್ನು ಸೀಳಿಕೊಂಡು ಹೋಗುವ ಹೆದ್ದಾರಿಯೇ ಈ ರಸ್ತೆ. ಸ್ಟೇಶನ್ ರಸ್ತೆ ಎಂಬುದು ಅದರ ಇನ್ನೊಂದು ಹೆಸರು. ಬಸವೇಶ್ವರ ವೃತ್ತ, ಗಾಂಧಿ ಚೌಕ, ಶಿವಾಜಿ ವೃತ್ತ ಎಲ್ಲವೂ ಇದರ ಗಂಟುಗಳೇ. ಗುಮ್ಮಟದಿಂದ ಗಾಂಧಿ ಚೌಕಕ್ಕೆ ಸುಮಾರು ಎರಡು ಕಿಲೋಮೀಟರ್. ಟಾಂಗಾದಲ್ಲಿ ಕುಳಿತು ಹೋದರೂ ಬೇಗನೆ ಮುಗಿಯುವ ದಾರಿ. ಆದರೆ ಈ ದಾರಿ ಹೇಗೆ ಪೇಟೆಯಾಯಿತು ಎಂದು ಕೇಳಿದರೆ ಉತ್ತರ ಅಷ್ಟು ಬೇಗ ಮುಗಿಯುವುದಿಲ್ಲ.

ಬೇರೆ ಊರುಗಳಲ್ಲಿ ವ್ಯಾಪಾರದ ಹೆದ್ದಾರಿ ಊರಿನೊಂದಿಗೇ ಬೆಳೆಯುತ್ತದೆ. ಇಲ್ಲವೇ ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಂತೆ ದಂಡಿನವರ ಮೈದಾನದ ಪಕ್ಕದಲ್ಲಿ ಹೊಸದಾಗಿ ಹುಟ್ಟುತ್ತದೆ. ವಿಜಯಪುರದ್ದು ಎರಡೂ ಅಲ್ಲ. ಒಮ್ಮೆ ರಾಜಧಾನಿಯಾಗಿ ಮೆರೆದು, ಹಾಳಾಗಿ, ಸುಮಾರು ಇನ್ನೂರು ವರ್ಷ ಮಲಗಿದ್ದ ಊರಿನೊಳಕ್ಕೆ ವ್ಯಾಪಾರ ಮರಳಿ ಬಂದ ದಾರಿ ಇದು. ಇಲ್ಲಿ ಅಂಗಡಿಗೂ ಸ್ಮಾರಕಕ್ಕೂ ನೆರೆಹೊರೆ ಸಂಬಂಧ ಬಂದದ್ದು ಆ ಕಾರಣದಿಂದ. ಇಂದು ಇಲ್ಲಿನ ನಾಗರಿಕರನ್ನು ಕಾಡುವ ತೊಡಕಿನ ಬೇರೂ ಅಲ್ಲೇ ಇದೆ.

ಅಂಗಡಿಗೊಂದು ಮರ

ಆದಿಲ್ ಶಾಹಿ ಮನೆತನ ಇಲ್ಲಿ ನೆಲೆಯೂರಿದ್ದು ಹದಿನೈದನೇ ಶತಮಾನದ ಕೊನೆಯಲ್ಲಿ. 1565ರಲ್ಲಿ ವಿಜಯನಗರದ ವಿರುದ್ಧ ನಡೆದ ಯುದ್ಧದ ಬಳಿಕ ಕೈಗೆ ಬಂದ ಐಶ್ವರ್ಯ ಊರಿನ ರೂಪವನ್ನೇ ಬದಲಿಸಿತು. ಮೊದಲನೇ ಅಲಿ ಆದಿಲ್ ಶಾಹನ ಕಾಲದಲ್ಲಿ ಊರ ಸುತ್ತ ಸುಮಾರು 10 ಕಿಲೋಮೀಟರ್ ಉದ್ದದ ಕೋಟೆಗೋಡೆ ಪೂರ್ಣವಾಯಿತು. ಪಶ್ಚಿಮಕ್ಕೆ ಮಕ್ಕಾ ದರವಾಜೆ, ಪೂರ್ವಕ್ಕೆ ಅಲ್ಲಾಪುರ ದರವಾಜೆ, ಉತ್ತರಕ್ಕೆ ಬಹಮನಿ ದರವಾಜೆ, ವಾಯವ್ಯಕ್ಕೆ ಶಹಾಪುರ ದರವಾಜೆ, ಆಗ್ನೇಯಕ್ಕೆ ಫತೇ ದರವಾಜೆ. ನಡುವೆ ಅರಮನೆಗಳ ಒಳಕೋಟೆ, ಅದೇ ಅರಕಿಲ್ಲಾ. ಬಾಗಿಲಿನಿಂದ ಬಾಗಿಲಿಗೆ ಹೋಗುವ ದಾರಿಗಳೆಲ್ಲ ಈ ಅರಕಿಲ್ಲದ ಅಂಚನ್ನು ಬಳಸಿಯೇ ಹೋಗಬೇಕಿತ್ತು. ಊರಿನ ದಾರಿಗಳ ಮೂಲ ನಕ್ಷೆ ಬಿದ್ದದ್ದು ಹೀಗೆ.

ಆ ಕಾಲದ ಪೇಟೆಯ ಸೊಗಸನ್ನು ಕಣ್ಣಾರೆ ಕಂಡು ಬರೆದಿಟ್ಟವನು ಅಸದ್ ಬೇಗ್. ಮೊಘಲ್ ದೊರೆ ಅಕ್ಬರನ ದೂತನಾಗಿ ಅವನು 1603-04ರ ಹೊತ್ತಿಗೆ ಇಲ್ಲಿಗೆ ಬಂದಿದ್ದ. ಆಗ ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಳ್ವಿಕೆ. ಮೂವತ್ತು ಗಜ ಅಗಲ, ಎರಡು ಕೋಸು ಉದ್ದದ ಬಜಾರನ್ನು ತಾನು ಕಂಡುದಾಗಿ ಅವನು ದಾಖಲಿಸಿದ್ದಾನೆ. ಪ್ರತಿ ಅಂಗಡಿಯ ಮುಂದೆ ಒಂದು ಹಸಿರು ಮರವಿತ್ತಂತೆ. ಬೀದಿ ಅತ್ಯಂತ ಸ್ವಚ್ಛವಾಗಿತ್ತಂತೆ. ಬಟ್ಟೆಯವರು, ರತ್ನಪಡಿ ವ್ಯಾಪಾರಿಗಳು, ಆಯುಧ ಮಾಡುವವರು, ರೊಟ್ಟಿ ಸುಡುವವರು ಸಾಲುಸಾಲಾಗಿ ಕುಳಿತಿದ್ದರಂತೆ.

ಈ ಊರಿನಿಂದ ಅಸದ್ ಬೇಗ್ ಒಯ್ದ ಒಂದು ವಸ್ತು ಚರಿತ್ರೆಯಲ್ಲಿ ಉಳಿಯಿತು. ಅದು ತಂಬಾಕು. ಆಗ ಉತ್ತರದ ದರಬಾರಿಗೆ ಅದು ಹೊಸತು. ಅಂದದ ಹುಕ್ಕಾದೊಂದಿಗೆ ಅದನ್ನು ಅವನು ಅಕ್ಬರನ ಮುಂದಿಟ್ಟಾಗ ಹಕೀಮರು ಬೇಡವೆಂದರೂ ದೊರೆ ಒಂದೆರಡು ದಮ್ಮು ಎಳೆದು ನೋಡಿದನಂತೆ. ಪಶ್ಚಿಮ ಕರಾವಳಿಯಲ್ಲಿ ಪೋರ್ಚುಗೀಸರ ಹಡಗಿನಿಂದ ಇಳಿದ ಸರಕು ದಿಲ್ಲಿ-ಆಗ್ರಾಗಳಿಗಿಂತ ಮೊದಲೇ ಈ ಪೇಟೆಯಲ್ಲಿ ಸಿಗುತ್ತಿತ್ತು ಎನ್ನುವುದಕ್ಕೆ ಇದೊಂದೇ ಸಂಗತಿ ಸಾಕು.

ಮಲಗಿದ ಊರು

1686ರ ಸೆಪ್ಟೆಂಬರಿನಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಕೊನೆಯ ಸುಲ್ತಾನ ಸಿಕಂದರ್ ಸೆರೆಯಾದ. ಅರಸನಿಲ್ಲದ ಮೇಲೆ ದರಬಾರಿಲ್ಲ. ದರಬಾರಿಲ್ಲದ ಮೇಲೆ ಜವಳಿ, ಜವಾಹಿರಿ ಕೊಳ್ಳುವವರಿಲ್ಲ. ಅದರ ಬೆನ್ನಿಗೇ 1688-89ರಲ್ಲಿ ಪ್ಲೇಗ್ ಬಂತು. ಮುಂದೆ ಊರು ನಿಜಾಮನ ಕೈಗೆ, ಅಲ್ಲಿಂದ 1760ರಲ್ಲಿ ಮರಾಠರ ಕೈಗೆ, 1818ರಲ್ಲಿ ಇಂಗ್ಲಿಷರ ಕೈಗೆ ದಾಟಿತು. ಇಂಗ್ಲಿಷರು ಅದನ್ನು ಸಾತಾರದ ರಾಜನಿಗೆ ಒಪ್ಪಿಸಿದರು. 1848ರಲ್ಲಿ ಮರಳಿ ಪಡೆದರು. ಈ ಕೈಬದಲಾವಣೆಗಳ ನಡುವೆ ಯಾರಿಗೂ ಇದು ರಾಜಧಾನಿಯಾಗಿ ಬೇಕಾಗಲಿಲ್ಲ. ಕೋಟೆಯೊಳಗಿನ ಬಹುಭಾಗ ಹಾಳು ಸುರಿಯಿತು. ಅರಮನೆಗಳ ಛಾವಣಿ ಕುಸಿದು ಗೋಡೆಗಳಷ್ಟೇ ನಿಂತವು.

ಜಿಲ್ಲೆಯ ಆಡಳಿತ ಕೂಡ ಇಲ್ಲಿರಲಿಲ್ಲ. ಜಿಲ್ಲಾ ಕೇಂದ್ರ ಇದ್ದುದು ಘಟಪ್ರಭೆಯ ದಂಡೆಯ ಕಲಾದಗಿಯಲ್ಲಿ. ಹಾಗಾದರೆ ಮಲಗಿದ ಊರನ್ನು ಎಬ್ಬಿಸಿದ್ದು ಯಾವುದು? ಬರಗಾಲ ಎಂದರೆ ಆಶ್ಚರ್ಯವಾಗಬಹುದು.

ಬರ ತಂದ ರೈಲು

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಹಿಂಡಿದ ಭೀಕರ ಬರ ಈ ಭಾಗವನ್ನೂ ಬಿಡಲಿಲ್ಲ. ಮಳೆ ಕೈಕೊಟ್ಟಾಗ ಹೊರಗಿನಿಂದ ಕಾಳು ತರಲು ಎತ್ತಿನ ಗಾಡಿಯೊಂದೇ ಗತಿ. ಮೇವು-ನೀರಿಲ್ಲದ ದಾರಿಯಲ್ಲಿ ಎತ್ತುಗಳೇ ಸತ್ತರೆ ಗಾಡಿಯೂ ಇಲ್ಲ. ಹಸಿವಿನಿಂದ ಜನ ಸತ್ತದ್ದಕ್ಕೆ ಕಾಳಿನ ಕೊರತೆಯಷ್ಟೇ ಸಾಗಣೆಯ ಕೊರತೆಯೂ ಕಾರಣ ಎಂಬುದು ಆಗ ಆಡಳಿತಕ್ಕೆ ಮನವರಿಕೆಯಾಯಿತು. ಬರಪೀಡಿತ ಪ್ರದೇಶಗಳ ಮೂಲಕ ರೈಲು ಹಾದಿ ಹಾಕುವ ಯೋಜನೆಗಳು ಹುಟ್ಟಿದ್ದು ಹೀಗೆ. ಅವುಗಳಲ್ಲಿ ಒಂದು ಸೊಲ್ಲಾಪುರದ ಬಳಿಯ ಹೋಟಗಿಯಿಂದ ಬಿಜಾಪುರದ ಮೂಲಕ ಗದಗಕ್ಕೆ ಹೋಗುವ ಮೀಟರ್‌ಗೇಜ್ ಹಾದಿ. ಇದಕ್ಕಾಗಿಯೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. 1884ರಲ್ಲಿ ರೈಲು ಓಡಿತು.

ನಿಲ್ದಾಣ ಬಂದದ್ದು ಊರಿನ ಪೂರ್ವಕ್ಕೆ, ಗೋಳಗುಮ್ಮಟದ ಹತ್ತಿರ. ರೈಲು ಬಂದ ಮರುವರ್ಷವೇ, 1885ರಲ್ಲಿ, ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ಕಚೇರಿಗಳು ನೆಲೆಗೊಂಡದ್ದು ಊರ ನಡುವಿನ ಅರಕಿಲ್ಲದಲ್ಲಿ. ಪೂರ್ವಕ್ಕೆ ಸರಕು ಇಳಿಯುವ ನಿಲ್ದಾಣ. ನಡುವೆ ಜನ ಎಡತಾಕುವ ಕಚೇರಿ. ಇವೆರಡನ್ನೂ ಕೂಡಿಸುವ ದಾರಿಯಲ್ಲಿ ಅಂಗಡಿಗಳು ಏಳದೆ ಇರಲು ಸಾಧ್ಯವೇ? ಸ್ಟೇಶನ್ ರಸ್ತೆ ಪೇಟೆಯಾದದ್ದರ ಗುಟ್ಟು ಇಷ್ಟೇ. ಸ್ವಾತಂತ್ರ್ಯ ಬಂದು, ಮುಂಬೈ ಪ್ರಾಂತದ ಭಾಗವಾಗಿದ್ದ ಈ ಜಿಲ್ಲೆ 1956ರಲ್ಲಿ ಕನ್ನಡ ನಾಡಿನೊಂದಿಗೆ ಒಂದಾದ ಮೇಲೆ ಪೇಟೆ ಇನ್ನಷ್ಟು ಹಬ್ಬಿತು. ಗಾಂಧಿ ಚೌಕ, ಅಲ್ಲಿನ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆ, ಸುತ್ತಲಿನ ಜವಳಿ-ಬಂಗಾರದ ಅಂಗಡಿಗಳು ಇಡೀ ಜಿಲ್ಲೆಗೆ ಸಂತೆಯಂತಾದವು. ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ ನಡೆಯುವಾಗ ಹಳ್ಳಿಗಳೇ ಎದ್ದು ಬಂದು ಈ ಭಾಗದಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಮಸೀದಿಯಲ್ಲಿ ಟಪಾಲು

ಹೊಸ ಕಟ್ಟಡ ಕಟ್ಟುವುದಕ್ಕಿಂತ ಇದ್ದುದನ್ನೇ ಬಳಸಿಕೊಳ್ಳುವುದು ಇಂಗ್ಲಿಷ್ ಅಧಿಕಾರಿಗಳಿಗೆ ಸುಲಭವಾಗಿ ಕಂಡಿತು. ಅರಕಿಲ್ಲದ ಚೀನಿ ಮಹಲು ಸರ್ಕಾರಿ ಕಚೇರಿಯಾಯಿತು. ಅದಾಲತ್ ಮಹಲು ಕಲೆಕ್ಟರರ ನಿವಾಸವಾಯಿತು. ಬುಖಾರಿ ಮಸೀದಿಯಲ್ಲಿ ಅಂಚೆ ಕಚೇರಿ ನಡೆಯಿತು. ಗೋಳಗುಮ್ಮಟದ ಪಕ್ಕದ ಮಸೀದಿ ಪ್ರವಾಸಿ ಬಂಗಲೆಯಾಗಿ ಕೆಲಸ ಮಾಡಿತು. ಗುಮ್ಮಟದ ಎದುರಿನ ನಗಾರಖಾನೆಯಲ್ಲಿ 1892ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು.

ವೈಸರಾಯ್ ಲಾರ್ಡ್ ಕರ್ಜನ್‌ಗೆ ಇದು ಸರಿಬರಲಿಲ್ಲ. 1900ರ ಸುಮಾರಿಗೆ ಅವನು ಮಧ್ಯೆ ಪ್ರವೇಶಿಸಿ ಮಸೀದಿಗಳಿಂದ ಬಂಗಲೆ ಮತ್ತು ಅಂಚೆ ಕಚೇರಿಯನ್ನು ತೆರವು ಮಾಡಿಸಿದ. 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣೆಗೆ ಕಾನೂನು ಬಂತು. ಈ ಬಳಕೆಯನ್ನು ಅಪಚಾರ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಇನ್ನೊಂದು ಮಾತೂ ಇದೆ. ಜನವಾಸವಿಲ್ಲದ ಹಾಳೂರಿನಲ್ಲಿ ಕಟ್ಟಡಗಳ ಕಲ್ಲು-ಮರ ಕಿತ್ತು ಒಯ್ಯುವವರನ್ನು ತಡೆಯುವವರೇ ಇರುವುದಿಲ್ಲ. ಊರಿಗೆ ಮತ್ತೆ ಜೀವ ಬಂದದ್ದರಿಂದಲೇ ಕಟ್ಟಡಗಳ ಮೇಲೆ ಕಣ್ಣಿಡುವವರೂ ಬಂದರು. ಪೇಟೆ ಸ್ಮಾರಕಗಳಿಗೆ ಧಕ್ಕೆ ತಂದಿದೆ. ಪೇಟೆಯೇ ಅವುಗಳಿಗೆ ಕಾವಲೂ ತಂದಿದೆ.

ನೂರು ಮೀಟರಿನ ಲೆಕ್ಕ

ಇಂದಿನ ತೊಡಕು ಇರುವುದು ಈ ಕಾವಲಿನಲ್ಲೇ. 1958ರ ಕೇಂದ್ರ ಕಾಯ್ದೆಯಂತೆ ವಿಜಯಪುರದ ಹಲವು ಹತ್ತು ಕಟ್ಟಡಗಳು ರಾಷ್ಟ್ರೀಯ ಮಹತ್ವದ ಸಂರಕ್ಷಿತ ಸ್ಮಾರಕಗಳು. 1992ರ ಜೂನ್‌ನಲ್ಲಿ ಹೊರಟ ಅಧಿಸೂಚನೆ ಸಂರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶವೆಂದೂ ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶವೆಂದೂ ಗೊತ್ತುಮಾಡಿತು. 2010ರ ತಿದ್ದುಪಡಿ ಈ ಅಂತರಗಳನ್ನು ಕಾಯ್ದೆಯೊಳಗೇ ಸೇರಿಸಿ ಬಿಗಿಗೊಳಿಸಿತು. ಅದರಂತೆ ಮೊದಲ 100 ಮೀಟರಿನಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಇರುವ ಕಟ್ಟಡದ ದುರಸ್ತಿ, ನವೀಕರಣಕ್ಕೂ ಅನುಮತಿ ಬೇಕು. ಮುಂದಿನ 200 ಮೀಟರಿನಲ್ಲಿ ಅನುಮತಿ ಪಡೆದು ಕಟ್ಟಬಹುದು. ಸರ್ಕಾರದ ಸಾರ್ವಜನಿಕ ಕಾಮಗಾರಿಗೂ ನಿಷೇಧಿತ ಪ್ರದೇಶದಲ್ಲಿ ವಿನಾಯಿತಿ ಇಲ್ಲ. ಇಂಥ ಕಾಮಗಾರಿಗೆ ಅವಕಾಶ ಕೊಡುವ ತಿದ್ದುಪಡಿಯನ್ನು ಲೋಕಸಭೆ 2018ರಲ್ಲಿ ಒಪ್ಪಿತಾದರೂ ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಒಪ್ಪಿಸಿತು.

ಕಾಗದದ ಮೇಲೆ ಈ ಅಂತರ ದೊಡ್ಡದೆನಿಸದು. ಲೆಕ್ಕ ಹಾಕಿ ನೋಡಿದರೆ ತಿಳಿಯುತ್ತದೆ. ಒಂದೇ ಒಂದು ಸಣ್ಣ ಗೋರಿ ಇದ್ದರೂ ಅದರ ಸುತ್ತ 100 ಮೀಟರಿನ ವೃತ್ತ ಎಳೆದರೆ ಏಳೂವರೆ ಎಕರೆಗೂ ಮಿಕ್ಕ ನೆಲ ಅದರೊಳಗೆ ಬರುತ್ತದೆ. 300 ಮೀಟರಿನ ವೃತ್ತವಾದರೆ ಸುಮಾರು 70 ಎಕರೆ. ಇತ್ತ 10 ಕಿಲೋಮೀಟರ್ ಸುತ್ತಳತೆಯ ಕೋಟೆಯ ಒಳಗೆ ಇರುವ ನೆಲವೇ ಹೆಚ್ಚೆಂದರೆ ಎರಡು ಸಾವಿರ ಎಕರೆ. ಮೂವತ್ತು ಸ್ಮಾರಕಗಳನ್ನು ಒಂದಕ್ಕೊಂದು ತಾಗದಂತೆ ಹಂಚಿಟ್ಟರೆ ಕೋಟೆಯೊಳಗಿನ ಊರೆಲ್ಲ ವೃತ್ತಗಳಲ್ಲೇ ಮುಗಿದುಹೋಗುತ್ತದೆ. ಮಹಾತ್ಮಾ ಗಾಂಧಿ ರಸ್ತೆಯ ಆಸುಪಾಸಿನಲ್ಲಂತೂ ಸ್ಮಾರಕಗಳು ಒತ್ತೊತ್ತಾಗಿವೆ. 1561ರ ಗಗನ ಮಹಲು ಒಂದೆಡೆ. ಎರಡನೇ ಅಲಿ ಆದಿಲ್ ಶಾಹ ತನಗಾಗಿ ಕಟ್ಟಿಸತೊಡಗಿ 1672ರಲ್ಲಿ ತೀರಿಕೊಂಡು ಅರೆಯಾಗಿಯೇ ಉಳಿದ ಬಾರಾ ಕಮಾನು ಇನ್ನೊಂದೆಡೆ. ಇವುಗಳ ನಡುವೆ ಬದುಕುವವರ ಪಾಲಿಗೆ ಮಹಡಿಯ ಮೇಲೊಂದು ಕೋಣೆ ಎತ್ತುವುದೂ ಸಲೀಸಲ್ಲ. ಮಕ್ಕಳು ಬೆಳೆದು ಮನೆ ಸಾಲದಾದಾಗ ಅಜ್ಜ ಕಟ್ಟಿಸಿದ ಅಂಗಡಿ-ಮನೆ ಬಿಟ್ಟು ಹೊರಬಡಾವಣೆಗೆ ಹೋಗುವುದೊಂದೇ ದಾರಿಯಾಗುತ್ತದೆ.

ಹಾಗೆಂದು ಕಾಯ್ದೆಯನ್ನು ಸಡಿಲಿಸಿಬಿಟ್ಟರೆ? 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 3.27 ಲಕ್ಷ. ಆ ಬಳಿಕ ಊರು ಮಹಾನಗರ ಪಾಲಿಕೆಯಾಗಿದೆ. 2014ರ ನವೆಂಬರ್ 1ರಿಂದ ಬಿಜಾಪುರ ಹೋಗಿ ವಿಜಯಪುರವೆಂಬ ಹೆಸರು ಬಂದಿದೆ. ಇಂಥ ಊರಿನ ನಡುಪೇಟೆಯಲ್ಲಿ ನೆಲದ ಬೆಲೆಯ ಒತ್ತಡ ಸಣ್ಣದಲ್ಲ. ಹೊರವ್ಯಾಸ 44 ಮೀಟರ್ ಇರುವ ಗುಮ್ಮಟವನ್ನು ಯಾರೂ ಅಲುಗಾಡಿಸಲಾರರು. ಆದರೆ ಹೆಸರು ಕೂಡ ಹೆಚ್ಚು ಕೇಳದ ಸಣ್ಣ ಮಸೀದಿ, ಬಾವಿ, ನೀರಿನ ಗಂಜು, ಕೋಟೆಯ ತುಂಡುಗೋಡೆ ಇವು ಮಹಡಿಗಳ ನಡುವೆ ಸಿಕ್ಕಿ ಮಾಯವಾಗಲು ಹೆಚ್ಚು ಕಾಲ ಬೇಡ. ದೊಡ್ಡ ಸ್ಮಾರಕಗಳನ್ನು ಅವುಗಳ ಗಾತ್ರವೇ ಕಾಯುತ್ತದೆ. ಸಣ್ಣವನ್ನು ಕಾಯುವುದು ಕಾಯ್ದೆಯ ಆ ನೂರು ಮೀಟರ್ ಮಾತ್ರ.

ನಿಯಮದ ಕಷ್ಟ ಇರುವುದು ಅದು ಬಯಲಿನ ನಡುವಿನ ಒಂಟಿ ಗುಡಿಗೂ ಜನ ತುಂಬಿದ ಪೇಟೆಗೂ ಒಂದೇ ಅಳತೆ ಹಿಡಿದಿರುವುದರಲ್ಲಿ. 2010ರ ತಿದ್ದುಪಡಿಯಲ್ಲೇ ಇದಕ್ಕೊಂದು ಬಾಗಿಲಿದೆ. ಪ್ರತಿ ಸ್ಮಾರಕಕ್ಕೂ ಅದರ ಪರಿಸರಕ್ಕೆ ತಕ್ಕಂತೆ ಪ್ರತ್ಯೇಕ ಉಪನಿಯಮ ರೂಪಿಸಬೇಕೆಂದು ಅದು ಹೇಳುತ್ತದೆ. ಎಷ್ಟು ಎತ್ತರ, ಯಾವ ಬಗೆಯ ಮುಂಭಾಗ, ಯಾವ ದಿಕ್ಕಿನ ನೋಟ ಮುಚ್ಚಬಾರದು ಎಂಬುದನ್ನು ಅದರಲ್ಲಿ ಸ್ಪಷ್ಟಪಡಿಸಬಹುದು. ನಿಷೇಧಿತ 100 ಮೀಟರ್ ಅದರಿಂದ ಕರಗುವುದಿಲ್ಲ. ಆದರೆ ಅದರಾಚೆ ಇರುವ ಮನೆಯವನಿಗೆ ತಾನು ಏನು ಕಟ್ಟಬಹುದು, ಏನು ಕಟ್ಟಬಾರದು ಎಂಬುದು ಮೊದಲೇ ತಿಳಿಯುತ್ತದೆ.

ನಾಲ್ಕು ಶತಮಾನಗಳ ಹಿಂದೆ ಈ ಊರಿನ ಬಜಾರಿನಲ್ಲಿ ಅಂಗಡಿಗೊಂದು ಮರ ಇತ್ತು ಎಂಬುದು ಬರೀ ಸೊಗಸಿನ ಮಾತಲ್ಲ. ವ್ಯಾಪಾರ ಹಾಗೂ ಅಂದ ಒಟ್ಟಿಗೆ ಬಾಳಬಹುದು ಎಂಬುದಕ್ಕೆ ಹೊರಗಿನವನೊಬ್ಬ ನುಡಿದ ಸಾಕ್ಷ್ಯ ಅದು. ಇಂದಿಗೂ ಸಂಜೆಯ ಹೊತ್ತು ಗಾಂಧಿ ಚೌಕದಲ್ಲಿ ಸಾಮಾನು ಕಟ್ಟಿಸಿಕೊಂಡ ಹಳ್ಳಿಯ ಜನ ಊರ ಬಸ್ಸಿನ ಹೊತ್ತು ವಿಚಾರಿಸುತ್ತ ನಿಂತಿರುತ್ತಾರೆ. ಹೊರಡುವ ಮುನ್ನ ಮಕ್ಕಳಿಗೆ ಗುಮ್ಮಟದಲ್ಲೊಮ್ಮೆ ಕೂಗಿ, ಮಾರ್ದನಿ ಕೇಳಿಸಿಕೊಂಡು ಬರುವ ಆಸೆ. ಸಂತೆ ಮತ್ತು ಗುಮ್ಮಟ ಎರಡನ್ನೂ ಒಂದೇ ದಿನದಲ್ಲಿ ಮುಗಿಸಿಕೊಡುವ ಈ ರಸ್ತೆಗೆ ಎರಡೂ ಬೇಕು.